ನಾಲ್ಕು ಹಾಳೆಯ ಕಾರು

ಕೊಡುತ್ತೇನೆ ಅಂದವನು ನಾನೇ. ಹಾಗಾಗಿ ಯಾರನ್ನೂ ಬೈಯುವ ಹಕ್ಕು ನನಗಿಲ್ಲ. ಆದರೂ ಮನಸ್ಸಿನಲ್ಲೇ ಬೈಯುತ್ತಿರುತ್ತೇನೆ, ಹೆಚ್ಚಾಗಿ ನನ್ನನ್ನೇ.

ಅದೊಂದು ಕಾರಿನ ಬ್ರೋಷರು. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ವ್ಯಾಪಾರ ಮಾಡುತ್ತಿದ್ದ ನಮ್ಮಪ್ಪ ಮೈಸೂರಿನ ಶೋರೂಮಿಗೆ ಹೋಗಿ, ಬೆಲೆ ಕೇಳಿ ಬೆಚ್ಚಿ, ಕಾರಿನ ಬದಲು ಅಲ್ಲಿ ಪುಕ್ಕಟೆ ಕೊಟ್ಟ ಹದಿನಾರು ಪುಟದ ಬಣ್ಣದ ಪುಸ್ತಕ ತಂದಿದ್ದರು. ಅದರ ಮೇಲೆ ಬೆಣ್ಣೆ ಕಾಗದ ಇಟ್ಟು ಗೀಚಿ ಗೀಚಿಯೇ ನಾನು ಚಿತ್ರ ಕಲಿತೆ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾದೆ. ಮುಂದೆ ಅದೇ ಮಾಡೆಲ್ಲಿನ ಹಳೆಯ ಕಾರೊಂದನ್ನು ಕೊಂಡು ಓಡಿಸಿದೆ. ಎಡಮಂಡಿ ಕ್ಲಚ್ ತುಳಿಯಲು ಒಲ್ಲೆ ಅಂದ ಮೇಲೆ ಮಾರಿದೆ. ಪುಸ್ತಕ ಉಳಿಯಿತು. ಹೋದ ಮಳೆಗಾಲದಲ್ಲಿ ಬೀರು ತೆಗೆದರೆ ಅದರ ಅಂಚನ್ನು ಹುಳು ತಿಂದಿತ್ತು. ನನ್ನ ಹತ್ತಿರವಿದ್ದರೆ ಮಣ್ಣಾಗುತ್ತದೆ, ಕಾರಿನ ಹುಚ್ಚಿರುವವರ ಹತ್ತಿರ ಇಡಿಯಾಗಿ ಉಳಿಯುತ್ತದೆ ಅಂದುಕೊಂಡೆ. ಇಡಿಯಾಗಿ ಉಳಿಯಬೇಕು, ನನಗೆ ಬೇಕಾಗಿದ್ದುದು ಅಷ್ಟೇ.

ಆ ಮಾಡೆಲ್ಲಿನ ಕಾರು ಇಟ್ಟುಕೊಂಡವರು ನಮ್ಮ ಸೀಮೆಯಲ್ಲಿ ನಾಲ್ವರಿದ್ದರು. ಅಗರದ ಕಬ್ಬು ಬೆಳೆಗಾರ, ಯಳಂದೂರಿನ ಸ್ಕೂಲ್ ಬಸ್ ಡ್ರೈವರ್, ನಮ್ಮೂರಿನ ಮೆಕ್ಯಾನಿಕ್, ಎಲ್ಲರಿಗಿಂತ ಚಿಕ್ಕವನಾದ ಹನೂರಿನ ಗೊಬ್ಬರದಂಗಡಿಯವನು. ಭಾನುವಾರ ಬೆಳಿಗ್ಗೆ ಅಗರದವನ ಮನೆ ಮುಂದೆ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಒಬ್ಬರ ಇಂಜಿನ್ನನ್ನು ಇನ್ನೊಬ್ಬರು ಹಳಿಯುವುದು ನಮ್ಮ ಸತ್ಸಂಗ. ಅಂಥ ಒಂದು ಭಾನುವಾರ ಪುಸ್ತಕವನ್ನು ಜಗಲಿಯ ಮೇಲಿಟ್ಟೆ.

"ಇದು ನಿಮ್ಮ ನಾಲ್ವರಿಗೂ. ಒಂದು ಕಡೆ ಇಟ್ಟುಕೊಳ್ಳಿ, ಬೇಕಾದಾಗ ನೋಡಿ" ಅಂದೆ.

ಅಗರದವನು ಕೈ ಒರೆಸಿಕೊಂಡು ಅದನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಅವನ ಮುಖ ಸಪ್ಪಗಾಯಿತು.

"ಜಂಟಿ ಬ್ಯಾಡ ಸಾ. ಒಂದು ಬಾವಿ ಜಂಟೀಲಿ ಮಡೀಕಂಡು ನಾನೂ ನಮ್ಮಣ್ಣನೂ ಮಾತು ಬುಟ್ಟು ಎಷ್ಟೋ ವರ್ಸ ಆಯ್ತು. ಪಾಲು ಮಾಡ್ಬುಡಿ."

"ಪುಸ್ತಕಾನ ಯಾರಾದ್ರೂ ಪಾಲು ಮಾಡ್ತಾರೇನಯ್ಯಾ?"

ಮೆಕ್ಯಾನಿಕ್ ಆಗಲೇ ಎಣಿಸಿಬಿಟ್ಟಿದ್ದ. "ಪಿನ್ ಬಿಚ್ಚುದ್ರೆ ನಡೂಕೆ ಮಡಿಸಿದ ನಾಲ್ಕೇ ಆಳೆ ಸಾ. ನಾವೂ ನಾಲ್ಕ್ ಜನ. ದ್ಯಾವ್ರೇ ಲೆಕ್ಕ ಆಕವ್ನೆ ಕಣ್ರಿ."

ನಮ್ಮ ಕಡೆ ಜಮೀನು ಹಂಚುವಾಗ ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಅಲ್ಲಿ ಹಿರಿಯ ನಾನೇ. ಮೆಕ್ಯಾನಿಕ್ ಸಣ್ಣ ಸ್ಕ್ರೂಡ್ರೈವರ್ ತಂದು ನನ್ನ ಕೈಗಿಟ್ಟ. ಅವರು ಕಿತ್ತುಕೊಂಡಿದ್ದರೆ ಕೋಪವಾದರೂ ಮಾಡಿಕೊಳ್ಳಬಹುದಿತ್ತು. ನಾಲ್ವರೂ ಕೈಕಟ್ಟಿ, ದೇವರ ಮುಂದೆ ನಿಂತ ಹಾಗೆ ನಿಂತಿದ್ದರು. ಕೊಟ್ಟ ಮೇಲೆ ಅದು ಅವರದು, ನಾನು ಬೇಡ ಅನ್ನುವುದು ಹೇಗೆ? ಎರಡೂ ಪಿನ್ನುಗಳನ್ನು ನಾನೇ ಎಬ್ಬಿಸಿದೆ. ತುಕ್ಕು ಬೆರಳಿಗೆ ಹತ್ತಿತು.

ಎರಡು ಹಾಳೆಗಳ ಎದುರುಬದುರು ಪುಟಗಳಿಗೆ ಹಬ್ಬಿಕೊಂಡಿದ್ದ ಕಾರು ಹಾಳೆ ಬಿಡಿಸಿದ ಕೂಡಲೇ ತುಂಡಾಯಿತು. ಹನೂರಿನ ಹುಡುಗ ಮುಖಪುಟದ ಹಾಳೆ ಆರಿಸಿಕೊಂಡ. ಅದರ ಜೊತೆಗೇ ಬಾನೆಟ್ಟು ಹನೂರಿಗೆ ಹೋಯಿತು. ಡಿಕ್ಕಿ ಯಳಂದೂರಿನವನ ಪಾಲಾಯಿತು. "ಅನ್ಯಾಯ ಇಲ್ದಂಗೆ ಅಂಚುದ್ರಿ ಸಾ" ಎಂದು ಹುಡುಗ ಕಾಲಿಗೆ ಬಿದ್ದ. ಆಶೀರ್ವಾದವನ್ನೂ ಮಾಡಿದೆ.

ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ವಾರದೊಳಗೆ ಅವರು ಫೋನಿನಲ್ಲಿ ಫೋಟೋ ಕಳಿಸಿದರು, ಪ್ರತಿಯೊಂದು ಹಾಳೆಗೂ ಚಂದದ ಫ್ರೇಮು. ನೋಡಿದಷ್ಟೂ ಸಂಕಟ. ಮೂರನೆಯ ವಾರ ಹೆಂಡತಿಗೆ ರೇಗಿತು. "ಹೋಗಿ ಕೇಳಿ. ಅವರೇನು ಬಿಳಿಗಿರಿರಂಗನ ಬೆಟ್ಟದ ಹುಲಿಗಳಾ?"

ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಹೊರಟೆ: ಹಾಳೆ ಕೊಡಿ, ಹೊಲಿದು ಮೊದಲಿನ ಹಾಗೆ ಮಾಡಿಕೊಡುತ್ತೇನೆ, ನಿಮ್ಮಲ್ಲಿ ಯಾರಾದರೊಬ್ಬರು ಇಟ್ಟುಕೊಳ್ಳಿ. ಮೆಕ್ಯಾನಿಕ್ ಮರುಮಾತಿಲ್ಲದೆ ಕೊಟ್ಟ. ಯಳಂದೂರಿನವನೂ ಕೊಟ್ಟ. ಜಂಟಿ ಬೇಡವೆಂದಿದ್ದ ಅಗರದವನು ತಾನೇ ಫ್ರೇಮಿನ ಮೊಳೆ ಕಿತ್ತು, "ನೀವು ಏಳುದ್ ಮ್ಯಾಲೆ ಆಯ್ತು ಬುಡಿ ಸಾ" ಅಂದ. ಕೇಳುವುದು ಇಷ್ಟು ಸುಲಭವಾಗಿದ್ದರೆ ಅವತ್ತೇ ಏಕೆ ಬಾಯಿ ಬಿಡಲಿಲ್ಲ ಎಂದು ನಾಚಿಕೆಯಾಯಿತು. ಮೂರು ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಮಾರನೆಯ ದಿನ ಹನೂರಿನ ಬಸ್ಸು ಹತ್ತಿದೆ.

ಗೊಬ್ಬರದಂಗಡಿಯ ಮುಂದೆ ಕಾರಿರಲಿಲ್ಲ.

"ಗಾಡಿ ಕೊಟ್ಬುಟ್ಟೆ ಸಾ. ಪಾಲಾರ್ ಆಚೆಯ ತಮಿಳ್ನಾಡೋರು, ಬ್ರೋಕರ್ ಕರ್ಕಂಡು ಬಂದಿದ್ರು. ಆ ಆಳೆ ನೋಡ್ಬುಟ್ಟು ಅದೂ ಬೇಕು ಅಂದ್ರು. ಗಾಡೀದೇ ಅಲ್ವಾ ಅಂತ ಜೊತೇಲೇ ಕೊಟ್ಟೆ. ಯಾವೂರು ಅಂತಾನೂ ಕೇಳ್ನಿಲ್ಲ." ಹುಡುಗ ನನ್ನ ಚೀಲ ನೋಡಿದ. "ಯಾಕ್ ಸಾ, ಬೇಕಿತ್ತಾ?"

"ಇಲ್ಲಪ್ಪ, ಸುಮ್ಮನೆ ಈ ಕಡೆ ಬಂದಿದ್ದೆ" ಅಂದೆ. ಅವನು ಟೀ ತರಿಸಿದ, ಕುಡಿದೆ.

ಮಿಕ್ಕ ಮೂವರಿಗೆ ಇನ್ನೂ ಹೇಳಿಲ್ಲ. ಭಾನುವಾರದ ಸತ್ಸಂಗಕ್ಕೆ ಮಂಡಿನೋವೆಂದು ಹೋಗುತ್ತಿಲ್ಲ. ಅಗರದವನು ದಿನಾ ಫೋನ್ ಮಾಡುತ್ತಾನೆ. "ಪುಸ್ತಕ ಒಲ್ದಾಯ್ತಾ ಸಾ?"

"ಆಗ್ತಾ ಇದೆ" ಅನ್ನುತ್ತೇನೆ.