ಖಳನಾಯಕನಿಗೆ ಗೋಪೀನಾಥರ ಸಲಹೆ

ಮದುವೆ ಪತ್ರಿಕೆ ಕೈಗೆ ಬಂದರೆ ನಾವು ನೀವು ಮೊದಲು ಮುಹೂರ್ತ ನೋಡುತ್ತೇವೆ. ಹೊಸಪೇಟೆಯ ಗೋಪೀನಾಥರು ಮೊದಲು ನೋಡುವುದು ತಪ್ಪು. ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ತಪ್ಪು ಸಿಕ್ಕರೆ ಅದರ ಸುತ್ತ ದುಂಡಗೆ ಗೆರೆ ಎಳೆದು, ಹೆಂಡತಿ ಶ್ರೀಲಕ್ಷ್ಮೀಯನ್ನು ಅಡುಗೆಮನೆಯಿಂದ ಕರೆಸಿ, "ನೋಡಿದೇನು, ಎಂಥಾ ದಡ್ಡ ಶಿಖಾಮಣಿಗಳು" ಎಂದು ತೋರಿಸಿದರೇ ಅವರಿಗೆ ಅವತ್ತಿನ ಊಟ ರುಚಿಸುವುದು. ತಪ್ಪು ಸಿಗದಿದ್ದರೆ ಆ ಮದುವೆಗೆ ಶ್ರೀಲಕ್ಷ್ಮೀ ಒಬ್ಬರೇ ಹೋಗಿ ಬರಬೇಕು.

ಲೋಕದವರ ಬರಹದಲ್ಲೆಲ್ಲ ಇಷ್ಟು ಕಲ್ಲು ಹೆಕ್ಕಿದ ಈ ಮಹಾನುಭಾವರ ಸ್ವಂತ ಹೆಸರು ಐವತ್ತೇಳು ವರ್ಷದಲ್ಲಿ ಅಚ್ಚಾದದ್ದು ಒಂದೇ ಸಲ, ಅವರದೇ ಮದುವೆ ಪತ್ರಿಕೆಯಲ್ಲಿ. ಅದು ಅವರ ಹೊಟ್ಟೆಯೊಳಗಿನ ಆರದ ಉರಿ. ಜೊತೆಗೆ ಓದಿದವನೊಬ್ಬ ಕಂಪ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತ ಎರಡು ಪುಸ್ತಕ ಬರೆದುಬಿಟ್ಟಿದ್ದ. ಆ ಎರಡೂ ಪುಸ್ತಕ ಗೋಪೀನಾಥರ ಕಪಾಟಿನಲ್ಲಿವೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕೆಂಪು ಸುತ್ತುಗಳ ಸಮೇತ.

ಅವರು ವಿಜ್ಞಾನ ಹಿಡಿದ ಕತೆಯೂ ಕೇಳುವಂಥದ್ದೇ. ಹುಡುಗನಾಗಿದ್ದಾಗ ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆಗೆ ಪುಸ್ತಕ ಕೊಡುವ ಒಂದು ಅಂಗಡಿಯಿತ್ತು. ಓಣಿಯ ಹುಡುಗರೆಲ್ಲ ಅಲ್ಲಿಂದ ಕಾಮಿಕ್ಸ್ ತಂದು, ಬೆನ್ನಿಗೆ ಟವೆಲ್ ಕಟ್ಟಿಕೊಂಡು ಸೂಪರ್ ಹೀರೋ ಆಗಿ ಕಟ್ಟೆಯಿಂದ ಹಾರುತ್ತಿದ್ದರೆ, ಗೋಪೀನಾಥರು ಒಂದು ಮೂಲೆಯಲ್ಲಿ ಕುಳಿತು ಹುಚ್ಚು ವಿಜ್ಞಾನಿಯ ಚಿತ್ರಗಳನ್ನೇ ನೋಡುತ್ತಿದ್ದರು. ಹೀರೋಗೆ ಇರುವುದು ತೋಳು. ಆ ವಿಜ್ಞಾನಿಗಾದರೋ ಸ್ವಂತದ್ದೊಂದು ಲ್ಯಾಬ್, ಬಿಳಿ ಕೋಟು, ಹೆದರುವ ಜನ. ಆ ಆಸೆಯಲ್ಲೇ ಬಿ.ಎಸ್ಸಿ. ಮುಗಿಸಿದರು. ಸಂಡೂರಿನಲ್ಲಿ ಇಪ್ಪತ್ತು ವರ್ಷ ಅದಿರಿನ ಪುಡಿ ಕರಗಿಸಿ ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ನೋಡುವ ಕೆಲಸ ಮಾಡಿದರು. ಆ ಲ್ಯಾಬ್ ಮುಚ್ಚಿದ ಮೇಲೆ ಹೊಸಪೇಟೆಯಲ್ಲಿ ಕುಡಿಯುವ ನೀರು ಪರೀಕ್ಷೆಯ ಗುತ್ತಿಗೆ ಹಿಡಿದ ಒಂದು ಸಣ್ಣ ಲ್ಯಾಬಿಗೆ ಬಂದರು. ಸಿಮೆಂಟ್ ಅಂಗಡಿಯ ಮೇಲಿನ ಒಂದು ಕೋಣೆ. ಅಷ್ಟಾದರೂ ಅಲ್ಲಿ ಅವರೇ ರಾಜ, ಅವರೇ ಪ್ರಜೆ.

ಕೆಲಸ ಸುಲಭದ್ದು. ಹಳ್ಳಿಗಳಿಂದ ಬೋರ್‌ವೆಲ್ ನೀರು ಬಾಟಲಿಗಳಲ್ಲಿ ಬರುತ್ತದೆ. ಆ ನೀರಿಗೆ ಕೆಂಪು ಬಣ್ಣದ ಒಂದು ಔಷಧ ಬೆರೆಸಬೇಕು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದಷ್ಟೂ ಆ ಕೆಂಪು ಪೇಲವವಾಗುತ್ತದೆ. ಎಷ್ಟು ಪೇಲವವಾಯಿತೆಂದು ಯಂತ್ರದಲ್ಲಿ ನೋಡಿ ಅಂಕಿ ಬರೆದು ಸಹಿ ಹಾಕಬೇಕು. ಒಂದೂವರೆ ದಾಟಿದರೆ ಆ ನೀರು ಕುಡಿಯಲು ಲಾಯಕ್ಕಲ್ಲ, ಪಂಚಾಯ್ತಿಯವರು ಬೋರು ಮುಚ್ಚಿ ಹೊಳೆ ನೀರಿನ ಪೈಪು ಎಳೆಯಬೇಕು.

ದರೋಜಿ ಕಡೆಯ ಗುಡದಹಟ್ಟಿ ಎಂಬ ಹಳ್ಳಿಯಿಂದ ವರ್ಷಕ್ಕೆರಡು ಸಲ ಹತ್ತು ಬಾಟಲಿ ಹೊತ್ತು ತರುವವನು ಅಲ್ಲಿಯ ನೀರುಗಂಟಿ ಯಲ್ಲೇಶ್. ಮೂರು ವರ್ಷದ ಹಿಂದೆ ಮೊದಲ ಸಲ ತಂದಾಗಲೇ ಆ ಹತ್ತೂ ಬಾಟಲಿಯ ಅಂಕಿ ಒಂದೇ ಬಂತು, ಅದೂ ಹೊಳೆ ನೀರಿನ ಅಂಕಿ. ಗೋಪೀನಾಥರಿಗೆ ಕೂಡಲೇ ತಿಳಿಯಿತು. ಮಹಾಶಯ ಹತ್ತು ಬೋರು ಸುತ್ತುವ ಬದಲು ಹೊಸಪೇಟೆಯಲ್ಲಿ ಬಸ್ ಇಳಿದು ಸ್ಟ್ಯಾಂಡಿನ ಪಕ್ಕದ ಹೊಳೆ ನೀರಿನ ನಳಕ್ಕೇ ಹತ್ತೂ ಬಾಟಲಿ ಹಿಡಿದಿದ್ದಾನೆ. ಬೈದು ವಾಪಸು ಕಳಿಸಬಹುದಿತ್ತು. ಕಳಿಸಲಿಲ್ಲ. ಮುಂದಿನ ಸಲದಿಂದ ಒಂದೇ ಬಾಟಲಿ ನೋಡಿ, ಉಳಿದ ಒಂಬತ್ತನ್ನು ಮೋರಿಗೆ ಸುರಿದು, ಒಂಬತ್ತು ಅಂಕಿಗಳನ್ನು ತಲೆಯಿಂದಲೇ ಇಳಿಸತೊಡಗಿದರು. ಎಲ್ಲಕ್ಕೂ ಒಂದೇ ಬರೆದರೆ ಯಾರಿಗಾದರೂ ಅನುಮಾನ ಬಂದೀತೆಂದು ಒಂದಕ್ಕೆ ಸೊನ್ನೆ ಪಾಯಿಂಟ್ ಎಪ್ಪತ್ತೊಂಬತ್ತು, ಇನ್ನೊಂದಕ್ಕೆ ಎಂಬತ್ಮೂರು. ಆ ಚಿಲ್ಲರೆ ವ್ಯತ್ಯಾಸ ಕೂರಿಸುವುದರಲ್ಲಿ ಅವರಿಗೆ ಚಿತ್ರಗಾರನ ಹಿಗ್ಗು. ನಾಚಿಕೆ ಎಂಬುದು ಆ ಕೋಣೆಯ ಮೆಟ್ಟಿಲು ಹತ್ತಿದ್ದೇ ಇಲ್ಲ.

ಅಂಥ ಕೋಣೆಗೆ ಒಂದು ಶನಿವಾರ ಮಧ್ಯಾಹ್ನ ಶಾಂಭವಿ ಬಂದಳು. ಗುಡದಹಟ್ಟಿಯ ಹೈಸ್ಕೂಲಿನ ಡ್ರಾಯಿಂಗ್ ಟೀಚರು, ಅದೇ ಊರಿನ ಮಗಳು, ವಯಸ್ಸು ಮೂವತ್ತರ ಒಳಗೆ. ಮಾತಾಡುವಾಗ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುವ ಅಭ್ಯಾಸ. ಮಕ್ಕಳ ವಿಜ್ಞಾನ ಹಬ್ಬಕ್ಕೆಂದು ಅವಳೊಂದು ಕಾಮಿಕ್ಸ್ ಬರೆಯುತ್ತಿದ್ದಳು. ಹಬ್ಬದವರು ಸಾವಿರ ಪ್ರತಿ ಅಚ್ಚು ಹಾಕಿಸಿ ಹಂಪಿಯಿಂದ ಕಂಪ್ಲಿವರೆಗಿನ ಶಾಲೆಗಳಿಗೆಲ್ಲ ಹಂಚುವವರಿದ್ದರು. ಹೀರೋ ಕರಡಿವೀರ, ದರೋಜಿಯ ಗುಡ್ಡದಿಂದ ಇಳಿದು ಬರುವ ಕರಡಿ ಬಲದ ಮನುಷ್ಯ. ಖಳನಾಯಕ ಡಾಕ್ಟರ್ ಭಸ್ಮಾಕ್ಷ, ಕಾಲುವೆಗೆ ವಿಷ ಬೆರೆಸಲು ಹೊರಟ ಹುಚ್ಚು ವಿಜ್ಞಾನಿ.

"ಸರ್, ಲ್ಯಾಬಿನ ಚಿತ್ರದಾಗ ತಪ್ಪಿದ್ರ ತಿದ್ದಿ ಕೊಡ್ರಿ. ಒಳಪುಟದಾಗ ನಿಮ್ಮ ಹೆಸರು ಹಾಕ್ತೀವಿ, ವಿಜ್ಞಾನ ಸಲಹೆ ಅಂತ," ಎಂದಳು ಶಾಂಭವಿ.

ಗೋಪೀನಾಥರು ಕುರ್ಚಿಯನ್ನು ಒಂದು ಗೇಣು ಮುಂದೆ ಎಳೆದುಕೊಂಡರು. "ಕುಂದ್ರಿ, ಕುಂದ್ರಿ. ಇನಿಶಿಯಲ್ ಆರ್. ಸರಿಯಾಗಿ ಬರಕೋರಿ."

ಆಮೇಲೆ ಕೆಂಪು ಪೆನ್ನು ಹೊರಬಂತು. ಭಸ್ಮಾಕ್ಷನ ನೆಟ್ಟಗೆ ನಿಂತ ಕೂದಲಿಗೆ ಒಂದು ಸುತ್ತು, ಮೂರು ಬಣ್ಣದ ಹೊಗೆಗೆ ಒಂದು ಸುತ್ತು, ಲೇಬಲ್ ಇಲ್ಲದ ಸೀಸೆಗಳಿಗೆ ಸಾಲಾಗಿ ಸುತ್ತು. "ಏನ್ ಹುಚ್ಚು ಮುಂಡೇಗಂಡ ಇವನು. ಇಷ್ಟು ದೊಡ್ಡ ಕಾಲುವಿಗೆ ವಿಷ ಹಾಕಬೇಕಂದ್ರ ಎಷ್ಟು ಲಾರಿ ಬೇಕಾಗ್ತಾವ ಗೊತ್ತದೇನು? ಇಂಥಾವನ್ನ ನನ್ನ ಲ್ಯಾಬಿನ್ಯಾಗ ಬಾಟ್ಲಿ ತೊಳಿಯಾಕೂ ಇಟ್ಕೊಳ್ಳಂಗಿಲ್ಲ." ಚಿಕ್ಕಂದಿನಲ್ಲಿ ಇಂಥವನನ್ನೇ ಕಣ್ತುಂಬ ನೋಡಿ ಬೆಳೆದದ್ದನ್ನು ಅವರು ಆಗಲೇ ಮರೆತಿದ್ದರು, ಇಲ್ಲವೇ ಮರೆತಂತೆ ಮಾಡಿದರು.

ಹಾಗೆ ಪುಟ ತಿರುವುತ್ತ ಅವರಿಗೆ ಇನ್ನೊಂದು ತಪ್ಪು ಸಿಕ್ಕಿತು. ಕರಡಿವೀರ ಗೆದ್ದಾಗ ಊರಿನ ಮಕ್ಕಳೆಲ್ಲ ಕುಣಿಯುವ ಚಿತ್ರ. ಮೂವತ್ತು ಮುಖಗಳಿದ್ದವು, ಒಂದರಲ್ಲೂ ಹಲ್ಲಿರಲಿಲ್ಲ. ಎಲ್ಲರದೂ ತುಟಿ ಬಿಗಿದ ನಗು. "ಇದೇನ್ರಿ? ಖುಷಿಯಾದ ಹುಡುಗ್ರು ಬಾಯಿ ಮುಚ್ಕೊಂಡು ನಗ್ತಾವೇನು?" ಎಂದು ಇಡೀ ಚಿತ್ರಕ್ಕೇ ದೊಡ್ಡದೊಂದು ಸುತ್ತು ಎಳೆದರು.

"ನಮ್ಮೂರಾಗ ಹಂಗ ನಗ್ತಾರ್ರಿ ಸರ್. ಹಲ್ಲೆಲ್ಲ ಕಂದು ಆಗ್ಯಾವ. ನನ್ನ ಕ್ಲಾಸಿನ್ಯಾಗ ಮಕ್ಕಳು ಮನುಷ್ಯನ ಚಿತ್ರ ಬರದ್ರ ಹಲ್ಲೇ ಬರಿಯಂಗಿಲ್ಲ. ನಮ್ಮಕ್ಕನ ಮಗಳು ಎಂಟು ವರ್ಷದಾಕಿ, ಈಗೀಗ ಮೊಣಕಾಲು ನೋವಂತ ಅಳ್ತಾಳ. ನೀರಿಂದ ಅಂತಾರ್ರಿ ಮಂದಿ."

"ಮಂದಿ ಏನು ಬೇಕಾದ್ರೂ ಅಂತಾರ. ನಿಮ್ಮೂರ ನೀರು ನೋಡಾಂವ ನಾನು. ನೀರಿನ್ಯಾಗ ಏನೂ ದೋಷಿಲ್ಲ. ಮೊದಲು ಬಾಯಿ ತೊಳಿಯೋದು ಕಲಿಸ್ರಿ." ಮಾತು ಸಾಲದೆಂದು ಫೈಲನ್ನೂ ತೆಗೆದು ಅವಳ ಮುಂದೆ ಹರಡಿದರು. ವಿಚಿತ್ರವೆಂದರೆ ಆ ಗಳಿಗೆಯಲ್ಲಿ ಅವರು ಸುಳ್ಳು ಹೇಳುತ್ತಿರಲಿಲ್ಲ. ತಮ್ಮ ತಲೆಯಿಂದ ಇಳಿಸಿದ ಅಂಕಿಗಳನ್ನು ಅವರು ಅಷ್ಟು ಹೊತ್ತಿಗೆ ಮನಸಾರೆ ನಂಬಿಬಿಟ್ಟಿದ್ದರು. ಇಂಥ ಭಂಡತನಕ್ಕೂ ಒಂದು ಸಾಧನೆ ಬೇಕು.

ಶಾಂಭವಿಯ ಬೆರಳು ಹತ್ತು ಸಾಲಿನ ಮೇಲೆ ನಿಧಾನ ಇಳಿದು ಆರನೆಯದರ ಹತ್ತಿರ ನಿಂತಿತು. "ಆರನೇದು ಶಾಲಿ ಮುಂದಿನ ಬೋರೇನ್ರಿ ಸರ್?"

"ಬರದದಲ್ಲ. ಸೊನ್ನಿ ಪಾಯಿಂಟ್ ಎಂಬತ್ಮೂರು. ಅಮೃತ."

ಅವಳು ಫೈಲನ್ನು ಅವರ ಕಡೆ ತಿರುಗಿಸಿಟ್ಟಳು. ಆಮೇಲೆ ಸೆರಗನ್ನು ಬಾಯಿಂದ ತೆಗೆಯದೆಯೇ ಕೇಳಿದಳು. "ಹಂಗಾದ್ರ ಸರ್, ನಿಜವಾದ ಬುದ್ಧಿ ಇರೋ ಖಳನಾಯಕ ಒಂದು ಊರು ಹಾಳು ಮಾಡಬೇಕಂದ್ರ ಏನು ಮಾಡ್ತಾನ್ರಿ?"

ಈ ಪ್ರಶ್ನೆಯನ್ನು ಯಾರಾದರೂ ತಮಗೆ ಕೇಳಲಿ ಎಂದು ಗೋಪೀನಾಥರು ಹುಟ್ಟಿದಾಗಿನಿಂದ ಕಾಯುತ್ತಿದ್ದರೋ ಏನೋ. ಕನ್ನಡಕ ತೆಗೆದು ಒರೆಸಿದರು. ಎದುರಿಗಿರುವುದು ಹಳ್ಳಿಯ ಡ್ರಾಯಿಂಗ್ ಟೀಚರು, ಇವಳಿಗೇನು ತಿಳಿದೀತು ಎಂಬ ಸಸಾರವೂ ಇತ್ತು.

"ಕೋಟು ಬ್ಯಾಡ, ಹೊಗಿ ಬ್ಯಾಡ, ವಿಷ ಅಂತೂ ಬ್ಯಾಡೇ ಬ್ಯಾಡ. ವಿಷ ಭೂಮಿಯೊಳಗ ಮೊದಲೇ ಇರ್ತದ. ಇವನು ನೀರು ನೋಡೋ ಕೆಲಸಕ್ಕ ಸೇರಿಬಿಟ್ರ ಆತು. ಹತ್ತು ಬಾಟ್ಲಿ ಬರ್ತಾವ. ಒಂದು ನೋಡ್ತಾನ, ಒಂಬತ್ತು ಚೆಲ್ತಾನ. ಅಂಕಿ ಬರಿಯುವಾಗ ಮಾತ್ರ ಒಂದಕ್ಕೊಂದು ಸ್ವಲ್ಪ ಬ್ಯಾರೆ ಬರೀಬೇಕು, ಅದರಾಗ ಅದ ಕಲೆ. ಸಹಿ ಹಾಕಿ ಚಹಾ ಕುಡೀತಾನ. ಯಾವ ಕರಡಿ ಬಂದ್ರೂ ಅವನ್ನ ಹಿಡಿಯಾಕಾಗಂಗಿಲ್ಲ."

"ಭಾಳ ಚಲೋ ಹೇಳಿದ್ರಿ ಸರ್," ಎಂದಳು ಶಾಂಭವಿ. "ಹಂಗ ಬರೀತೀನಿ. ಈ ಕಾಗದದ ಫೋಟೋ ತಗೊಳ್ಳಲೇನ್ರಿ? ಚಿತ್ರದಾಗ ಹಿಂಗ ಬರಬೇಕು."

"ತಗೋರಿ. ಒಂದಂಕಿ ಆಚೀಚೆ ಆಗಬಾರದು ನೋಡ್ರಿ. ನನ್ನ ಹೆಸರಿರ್ತದ."

ಆಮೇಲಿನ ಎರಡು ತಿಂಗಳು ಗೋಪೀನಾಥರ ಕಾಲು ನೆಲದ ಮೇಲಿರಲಿಲ್ಲ. ಹಾಲಿನವನಿಗೆ ಹೇಳಿದರು, ಮಠಕ್ಕೆ ಹೋದಾಗ ಆಚಾರರಿಗೆ ಹೇಳಿದರು, ಕಂಪ್ಲಿಯ ಆ ಎರಡು ಪುಸ್ತಕದವನಿಗೆ ಫೋನ್ ಮಾಡಿ ಹೇಳಿದರು. "ಸಾವಿರ ಪ್ರತಿ. ನಿನ್ನ ಪುಸ್ತಕ ಎಷ್ಟು ಹಾಕಿಸಿದ್ದಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಫೋನ್ ಇಟ್ಟರು. ಶ್ರೀಲಕ್ಷ್ಮೀ ಮಾತ್ರ, "ಆ ಪುಸ್ತಕದಾಗ ನೀವೇನು ಬರದೀರಿ?" ಎಂದು ಕೇಳಿದ್ದಕ್ಕೆ, "ನಿನಗ ತಿಳಿಯಂಗಿಲ್ಲ ಬಿಡು" ಎಂಬ ಉತ್ತರ ಸಿಕ್ಕಿತು.

ಪುಸ್ತಕ ಬಂದದ್ದು ಒಂದು ಬುಧವಾರ ಬೆಳಿಗ್ಗೆ, ಯಲ್ಲೇಶನ ಕೈಯಲ್ಲಿ. ಅವನು ನೀರಿನ ಬಾಟಲಿಗಳ ಟ್ರೇ ತಂದು ಮೇಜಿನ ಮೇಲಿಟ್ಟ. ಮೇಲೆ ಕಾಮಿಕ್ಸ್ ಇತ್ತು. "ಟೀಚರ್ ಕೊಟ್ಟಾರ್ರಿ. ನಿನ್ನೆ ಎಲ್ಲಾ ಶಾಲಿಗೂ ಹಂಚ್ಯಾರಂತ," ಎಂದು ಹೇಳಿ, ಎಂದಿನಂತೆ ಹೊರಡದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟ.

ಗೋಪೀನಾಥರು ಮೊದಲು ಒಳಪುಟ ತೆರೆದರು. ಇತ್ತು. 'ವಿಜ್ಞಾನ ಸಲಹೆ: ಆರ್. ಗೋಪೀನಾಥ, ಹೊಸಪೇಟೆ.' ಇನಿಶಿಯಲ್ ಸರಿಯಾಗಿತ್ತು. ಆ ಸಾಲಿನ ಮೇಲೆ ಹೆಬ್ಬೆರಳು ಆಡಿಸಿ, ಅಭ್ಯಾಸಬಲದಿಂದ ಕೆಂಪು ಪೆನ್ನಿನ ಮುಚ್ಚಳ ತೆಗೆದು, ಪುಟ ತಿರುವಿದರು.

ಭಸ್ಮಾಕ್ಷನಿಗೆ ಈಗ ಕೋಟಿರಲಿಲ್ಲ. ಅರ್ಧ ತೋಳಿನ ಗೀರಿನ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು, ಕೆಳಗೆ ಸಿಮೆಂಟಿನ ಅಂಗಡಿ. ಅವನು ಒಂದು ಬಾಟಲಿ ನೋಡಿ ಒಂಬತ್ತು ಚೆಲ್ಲುತ್ತಿದ್ದ. ಮುಂದಿನ ಪುಟದಲ್ಲಿ ಕರಡಿವೀರ ಗೋಡೆ ಒಡೆದು ಒಳಗೆ ನುಗ್ಗುತ್ತಾನೆ. ಒಳಗೆ ಹೊಡೆದುರುಳಿಸಲು ಯಂತ್ರವಿಲ್ಲ, ತಡೆಯಲು ವಿಷವಿಲ್ಲ, ಚಹಾ ಕುಡಿಯುತ್ತಿರುವ ಒಬ್ಬ ಮನುಷ್ಯ ಮಾತ್ರ. ಎತ್ತಿದ ಪಂಜವನ್ನು ಎಲ್ಲಿಡಬೇಕೆಂದು ತಿಳಿಯದೆ ಹೀರೋ ನಿಂತೇ ಇದ್ದಾನೆ. ಕೊನೆಯ ಪುಟದಲ್ಲಿ ಎಡಕ್ಕೆ ಆ ವರದಿ, ಆರನೇ ಸಾಲಿನಲ್ಲಿ ಸೊನ್ನೆ ಪಾಯಿಂಟ್ ಎಂಬತ್ಮೂರು. ಬಲಕ್ಕೆ ಶಾಲೆಯ ಮುಂದಿನ ಆರನೇ ಬೋರು. ಮೋಟಾರು ಎತ್ತಿಕೊಂಡು ಹೋಗಿ ಎರಡು ವರ್ಷವಾದ ಒಣ ಪೈಪು, ಅದಕ್ಕೆ ಮಕ್ಕಳು ತೂಗುಹಾಕಿದ ಶಾಲೆಯ ಚೀಲಗಳು. ಸುತ್ತ ಮೂವತ್ತು ಮಕ್ಕಳು, ಮೂವತ್ತೂ ಬಾಯಿ ಮುಚ್ಚಿದ್ದವು.

ಗೋಪೀನಾಥರು ಮೊದಲಿನಿಂದ ಇನ್ನೊಮ್ಮೆ ಓದಿದರು. ಹುಡುಕಿದರು. ಅಂಕಿ ಸರಿಯಿತ್ತು, ಯಂತ್ರದ ಗುಂಡಿ ಸರಿಯಿತ್ತು, ಸೀಸೆಗಳಿಗೆ ಲೇಬಲ್ ಇತ್ತು. ಸುತ್ತು ಹಾಕಲು ಒಂದೇ ಒಂದು ತಪ್ಪು ಸಿಗಲಿಲ್ಲ. ಈ ಹೊತ್ತಿಗೆ ಕಂಪ್ಲಿಯಲ್ಲೂ ಯಾರೋ ಒಳಪುಟ ತೆರೆದಿರುತ್ತಾರೆ ಎಂಬುದು ಹೊಳೆದು ಅವರು ಪುಸ್ತಕವನ್ನು ಫೈಲಿನ ಕೆಳಗೆ ತಳ್ಳಿದರು.

"ಬಾಟ್ಲಿ ಅಲ್ಲೇ ಇಟ್ಟು ನೀ ಹೋಗಲೇ," ಎಂದರು.

"ಇಲ್ರಿ ಸರ್. ಹತ್ತೂ ನೋಡೋತನಕ ಕುಂದ್ರು ಅಂದಾರ ಊರಾಗ. ಈ ಸಲ ಬೋರಿಗೊಬ್ಬರು ಬಂದು ನಿಂತು ತುಂಬಿಸ್ಯಾರ್ರಿ."

ಬೇರೆ ದಾರಿಯಿರಲಿಲ್ಲ. ಮೂರು ವರ್ಷದ ಮೇಲೆ ಗೋಪೀನಾಥರು ಸಾಲಾಗಿ ಗಾಜಿನ ನಳಿಗೆ ಜೋಡಿಸಿ ಔಷಧ ಬೆರೆಸಿದರು. ಒಂದನೆಯದರ ಕೆಂಪು ಕಣ್ಣೆದುರೇ ಇಳಿಯಿತು, ಎರಡನೆಯದರದು ಇನ್ನೂ ಇಳಿಯಿತು. ಯಂತ್ರ ಮೂರು ಪಾಯಿಂಟ್ ಒಂದು ಎಂದಿತು, ಮೂರು ಪಾಯಿಂಟ್ ನಾಲ್ಕು ಎಂದಿತು. ಐದನೆಯದು ಮುಗಿಸಿ ಆರನೇ ಬಾಟಲಿಗೆ ಕೈ ಹಾಕಿದಾಗ ಅದು ಹಗುರವಾಗಿ ಮೇಲೆ ಬಂತು. ಲೇಬಲ್ ಅಂಟಿಸಿತ್ತು, ಬಿಗಿಯಾಗಿ ಮುಚ್ಚಳ ಹಾಕಿತ್ತು, ಒಳಗೆ ಏನೂ ಇರಲಿಲ್ಲ.

"ಇದು ಖಾಲಿ ಐತಲ್ಲೋ."

"ಹೌದ್ರಿ. ಅದರಾಗ ಇರೋದೇ ಅಷ್ಟು," ಎಂದು ಯಲ್ಲೇಶ್ ಹೇಳಿದ. "ನೀವು ಬರೀರಿ, ನಿಮಗ ರೂಢಿ ಐತಲ್ಲ."

ಹೇಳಿ ನಕ್ಕ. ಇಷ್ಟು ವರ್ಷ ಈ ಮೆಟ್ಟಿಲು ಹತ್ತಿ ಇಳಿದವನು ಒಮ್ಮೆಯೂ ಬಾಯಿ ತೆರೆದು ನಕ್ಕದ್ದನ್ನು ಗೋಪೀನಾಥರು ನೋಡಿರಲಿಲ್ಲ. ಮೇಲಿನ ಸಾಲು, ಕೆಳಗಿನ ಸಾಲು, ಒಂದೂ ಬಿಡದೆ ಎಲ್ಲ ಹಲ್ಲೂ ಕಂದಾಗಿದ್ದವು.