ಮಡಿಗೆ ಬಾರದ ಕಿವಿ

ದೇವರ ಮನೆಯ ಗಂಟೆ ಅಲ್ಲಾಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ನನಗೆ ಕಿವಿ ಮಂದವಾಗಿದೆಯೆಂದು ಮನೆಯವರು ಯಾವಾಗಿನಿಂದಲೋ ಹೇಳುತ್ತಿದ್ದರಂತೆ. ಅದೂ ನನಗೆ ಕೇಳಿಸಿರಲಿಲ್ಲ. ಹೋಗಲಿ, ಕುಕ್ಕರಿನ ಸೀಟಿ ತಪ್ಪಿದರೆ ಅನ್ನ ಮೆತ್ತಗಾಗುತ್ತದೆ, ಅಷ್ಟೇ. ಟಿವಿಯ ಸುದ್ದಿ ಕೇಳದಿದ್ದರೆ ಅದು ಪುಣ್ಯ. ನಮ್ಮ ಯಜಮಾನರು ಹೇಳುವುದರಲ್ಲಿ ಅರ್ಧ ಕೇಳದಿದ್ದರೂ ಸಂಸಾರಕ್ಕೆ ನಷ್ಟವಾಗಲಿಲ್ಲ, ಉಳಿದರ್ಧ ನನಗೆ ಬಾಯಿಪಾಠವಿತ್ತು. ಆದರೆ ಮಂಗಳಾರತಿಯ ಹೊತ್ತಿಗೆ ಗಂಟೆ ಮೂಕವಾಯಿತಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ. ಏನಾದರೂ ಮಾಡಿಸು ತಾಯಿ, ನನಗೆ ಆ ಗಂಟೆಯೊಂದು ಕೇಳಿದರೆ ಸಾಕು ಎಂದು ಮಗಳ ಕೈ ಹಿಡಿದೆ.

ಮಗಳು ಕೋಠಿ ಪೇಟೆಗೆ ಕರೆದುಕೊಂಡು ಹೋದಳು. ಔಷಧಿ ಅಂಗಡಿಗಳ ಸಾಲಿನ ಮೇಲೆ ಒಂದು ಮಾಳಿಗೆ. ಅಲ್ಲಿನ ಹುಡುಗಿ ನನ್ನ ಕಿವಿಯೊಳಗೆ ತಣ್ಣನೆಯ ಕಣಕದಂಥದ್ದನ್ನು ತುಂಬಿ ಅಚ್ಚು ತೆಗೆದುಕೊಂಡಳು. ಮುಂದೆ ಒಂದು ದಿನ ಕರೆದು ಹುರಿದ ಗೋಡಂಬಿಯ ಬಣ್ಣದ, ಹೆಚ್ಚುಕಡಿಮೆ ಗೋಡಂಬಿಯಷ್ಟೇ ಇರುವ ಎರಡು ತುಣುಕು ಕೊಟ್ಟಳು. ಕೆಂಪು ಚುಕ್ಕಿಯದು ಬಲಗಿವಿಗೆ, ನೀಲಿ ಚುಕ್ಕಿಯದು ಎಡಗಿವಿಗೆ. ಆಮೇಲೆ ತೆಲುಗಿನಲ್ಲಿ ನಿಯಮಗಳು ಶುರುವಾದವು. ಸ್ನಾನಕ್ಕೆ ಮುಂಚೆ ತೆಗೆದಿಡಬೇಕು. ನೀರು ಸೋಕಬಾರದು, ಕಿವಿಗೆ ಎಣ್ಣೆ ಬಿಟ್ಟುಕೊಳ್ಳಬಾರದು. ರಾತ್ರಿ ಪುಟ್ಟ ಬ್ರಷ್ಷಿನಿಂದ ಗುಗ್ಗೆ ತೆಗೆದು, ಸೆಲ್ಲಿನ ಬಾಗಿಲು ತೆರೆದು, ತೇವ ಹೀರುವ ಹರಳಿರುವ ಡಬ್ಬಿಯಲ್ಲಿ ಮಲಗಿಸಬೇಕು. ಬಾಣಂತಿಯ ಮನೆಯಲ್ಲೂ ಇಷ್ಟು ಉಪಚಾರ ಕಂಡಿರಲಿಲ್ಲ ನಾನು. ಹಸಿಗೂಸಿಗಾದರೂ ನೀರು ಹಾಕಬಹುದು.

ಹಾಕಿಕೊಂಡು ಕೆಳಗಿಳಿದರೆ ಕೋಠಿ ರಸ್ತೆ ಮೈಮೇಲೆ ಬಂತು. ಆಟೋದವನ ಹಾರ್ನು, ಅವನ ಹಿಂದಿನವನ ಹಾರ್ನು, ಬಸ್ಸಿನ ಮೈ ಬಡಿಯುವ ಕಂಡಕ್ಟರು, ನೈಟಿ ಮಾರುವವನ ಗಂಟಲು. ಇಷ್ಟು ದಿನ ಇವರೆಲ್ಲ ನನ್ನ ಬೆನ್ನ ಹಿಂದೆ ಹೀಗೇ ಅರಚುತ್ತಿದ್ದರು, ನಾನು ಮಹಾರಾಣಿಯ ಹಾಗೆ ನಡುರಸ್ತೆಯಲ್ಲಿ ಸೊಪ್ಪಿನ ಚೀಲ ಹಿಡಿದು ದಾಟುತ್ತಿದ್ದೆ. ಬದುಕಿಸಿ ಮನೆ ಸೇರಿಸಿದವನು ಆ ದೇವರೇ. ಅಲ್ಲಿಯೇ ನಿಂತು ಕೈ ಮುಗಿದೆ. ಅದಕ್ಕೂ ಒಬ್ಬ ಹಾರ್ನ್ ಹೊಡೆದ.

ನಮ್ಮದು ನಾರಾಯಣಗೂಡದಲ್ಲಿ ಹಳೆಯ ಬಾಡಿಗೆ ಮನೆ. ಕಲಬುರಗಿ ಕಡೆಯಿಂದ ಯಜಮಾನರ ನೌಕರಿಯ ಜೊತೆ ಬಂದು ಇಲ್ಲಿಯವರೇ ಆದೆವು. ಹೊಸ್ತಿಲಾಚೆ ತೆಲುಗು, ಹಿಂದಿ. ಒಳಗೆ ಕನ್ನಡ. ಅದಕ್ಕಿಂತ ಒಳಗೆ, ದೇವರ ಮನೆಯಲ್ಲಿ, ಅಕ್ಕನ ರಾಜ್ಯ. ಅಕ್ಕ ಎಂದರೆ ಯಜಮಾನರ ಅಕ್ಕ, ನಮ್ಮ ಜೊತೆಗೇ ಇರುವವರು. ಯಾವುದು ಮಡಿ, ಯಾವುದು ಮೈಲಿಗೆ ಎನ್ನುವುದರಲ್ಲಿ ಅವರ ತೀರ್ಪಿನ ಮೇಲೆ ಅಪೀಲಿಲ್ಲ.

ಮರುದಿನ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಕಿವಿಗೆ ಎರಡೂ ಗೋಡಂಬಿ ಏರಿಸಿಕೊಂಡು ದೇವರ ಮನೆಯ ಬಾಗಿಲಿಗೆ ಬಂದರೆ ಅಕ್ಕ ಕೈ ಅಡ್ಡ ಹಿಡಿದರು.

"ಅದು ಮಡಿಗೆ ಬರೂದಿಲ್ಲವಾ."

ಕಾರಣವನ್ನೂ ಹೇಳಿದರು. ಸೀರೆಯನ್ನು ಒಗೆದು ಹಾಕಿದರೆ ಮಡಿಯಾಗುತ್ತದೆ. ಹಿತ್ತಾಳೆ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಬಹುದು. ಈ ಮಶೀನನ್ನು ಚಪ್ಪಲಿ ಕಾಲಿನ ಹುಡುಗಿ ಮುಟ್ಟಿದ್ದಾಳೆ, ಒಳಗೆ ಗುಗ್ಗೆ ಅಂಟುತ್ತದೆ, ಇದಕ್ಕೆ ನೀರೇ ಆಗುವುದಿಲ್ಲವಂತೆ. ತೊಳೆಯಲಾಗದ್ದು ಮಡಿ ಹೇಗಾದೀತು? ಶಾಸ್ತ್ರ ಹಾಗಿರಲಿ, ತರ್ಕ ಗಟ್ಟಿಯಾಗಿತ್ತು.

"ಮತ್ತ ನಿಮ್ಮ ಹಲ್ಲು ಅಕ್ಕಾ?" ಎಂದೆ.

ಅಕ್ಕನಿಗೆ ಮೇಲಿನ ಸಾಲು ಪೂರ್ತಿ ಕಟ್ಟಿಸಿದ ಹಲ್ಲು. ಅದನ್ನು ಮಾಡಿದವನೂ ಚಪ್ಪಲಿ ಹಾಕಿಕೊಂಡೇ ಮಾಡಿರಬೇಕು. ದಿನಾ ವಿಷ್ಣುಸಹಸ್ರನಾಮ ಹೊರಡುವುದು ಆ ಹಲ್ಲಿನ ಸೆಟ್ಟಿನ ಮೂಲಕವೇ.

"ಅವನ್ನ ನಳದ ಕೆಳಗ ತೊಳೀತೀನಿ" ಎಂದರು ಅಕ್ಕ.

ಅಲ್ಲಿಗೆ ಹಲ್ಲು ಒಳಗೆ ಉಳಿಯಿತು, ಕಿವಿ ಹೊರಗೆ ಉಳಿಯಿತು. ಅಕ್ಕನ ಕನ್ನಡಕ ಎಂದೋ ಒಳಗೆ ಹೋಗಿತ್ತು. ಮಿಣುಕುವ ಬಲ್ಬಿನ ಸರ ಹೋಗಿತ್ತು. ಮಂಟಪದ ಪಕ್ಕದಲ್ಲಿ ಯಜಮಾನರ ಹಳೆಯ ಫೋನು ಕೂತು ಬೆಳಿಗ್ಗೆ ಸುಪ್ರಭಾತ ಹಾಡುತ್ತಿತ್ತು. ಹಾಡುವ ಫೋನಿಗೆ ಮಡಿ ಇತ್ತು, ಕೇಳುವ ಕಿವಿಗೆ ಇರಲಿಲ್ಲ.

ಹೀಗೆ ನಾನು ದಿನಾ ದೇವರ ಮನೆಯ ಹೊರಗೆ ಚಪ್ಪಲಿ ಬಿಟ್ಟ ಹಾಗೆ ಕಿವಿ ಬಿಟ್ಟು ಒಳಗೆ ಹೋಗತೊಡಗಿದೆ. ಡಬ್ಬಿ ಫ್ರಿಜ್ಜಿನ ಮೇಲೆ. ಹೊರಗೆ ಬಂದರೆ ಎಲ್ಲ ಕೇಳುತ್ತಿತ್ತು. ಕೆಳಗಿನ ಕೋಚಿಂಗ್ ಸೆಂಟರಿನ ಮೇಷ್ಟ್ರು ಮೈಕಿನಲ್ಲಿ ಹುಡುಗರನ್ನು ಬೈಯುವುದು, ಫ್ರಿಜ್ಜಿನ ನರಳಾಟ, ಯಜಮಾನರು ಹಪ್ಪಳ ಅಗಿಯುವುದು. ಆ ಹಪ್ಪಳದ ಸದ್ದಿಗೆ ಇಷ್ಟು ವರ್ಷ ಕಿವುಡಿಯಾಗಿದ್ದೆನಲ್ಲ, ಅದು ಯಾವ ಜನ್ಮದ ಪುಣ್ಯವೋ. ಆದರೆ ಯಾವುದಕ್ಕೆಂದು ಇದನ್ನು ತಂದೆನೋ ಅದೊಂದು ಮಾತ್ರ ಕೇಳಲಿಲ್ಲ. ಗಂಟೆ ಅಲ್ಲಾಡುತ್ತಿತ್ತು, ನಾನು ನೋಡುತ್ತಿದ್ದೆ.

ನಾನು ಗೊಣಗುವುದು ಹೆಚ್ಚಾದಾಗ ಅಕ್ಕ, ಹಾಗಾದರೆ ಪ್ರವಚನ ಹೇಳುವ ಆಚಾರ್ಯರನ್ನೇ ಕೇಳೋಣ ಎಂದರು. ಅವರು ತಮ್ಮ ಕಡೆಗೇ ಹೇಳುತ್ತಾರೆಂಬ ಧೈರ್ಯ. ಸಂಜೆ ಪ್ರವಚನಕ್ಕೆ ಹೋದೆವು. ಮಶೀನು ಹಾಕಿಕೊಂಡು ಹೋದ ಮೊದಲ ಪ್ರವಚನ ಅದು. ವರ್ಷಗಟ್ಟಲೆ ನಾನು ಮೂರನೇ ಸಾಲಿನಲ್ಲಿ ಕೂತು, ಅವರು ಕೈ ಚಾಚಿ ವೈಕುಂಠ ವರ್ಣಿಸುತ್ತಿದ್ದಾರೆಂದು ಕಣ್ಣೊರೆಸಿಕೊಂಡಿದ್ದೆ. ಆವತ್ತೂ ಕೈ ಅದೇ ರೀತಿ ಚಾಚಿತು. ರಿಂಗ್ ರೋಡಿನ ಆಚೆ ಇವರ ಶಿಷ್ಯರೊಬ್ಬರು ಪ್ಲಾಟು ಹಾಕಿದ್ದಾರಂತೆ, ಗಾಳಿ ಬೆಳಕು ಚೆನ್ನಾಗಿದೆಯಂತೆ. ಹಿಂದಿನ ಕಣ್ಣೀರನ್ನೆಲ್ಲ ದೇವರು ಲೆಕ್ಕಕ್ಕೆ ಹಿಡಿದಿರಲಪ್ಪ ಎಂದುಕೊಂಡೆ. ನಾನಂತೂ ವೈಕುಂಠಕ್ಕೇ ಅತ್ತಿದ್ದೆ.

ಮುಗಿದ ಮೇಲೆ ಮಂತ್ರಾಕ್ಷತೆಯ ಸಾಲು. ಹಿಂದಿನಿಂದ ಜನ ನೂಕುತ್ತಿದ್ದರು. ಅಕ್ಕನಿಗೆ ಒಂದು ಸಂಕೋಚ: ಅಷ್ಟು ದೊಡ್ಡವರ ಮುಂದೆ ಮಶೀನು ಎನ್ನುವುದು ಹೇಗೆ, ಬಾಯಿ ಮೈಲಿಗೆಯಾದೀತು. ಒಳ್ಳೆಯ ಶುದ್ಧ ಮಾತೊಂದನ್ನು ಹುಡುಕಿ ಹೇಳಿದರು.

"ಆಚಾರ್ಯರ, ನಮ್ಮ ಮನ್ಯಾಗ ಒಂದು ಯಂತ್ರ ಬಂದದ. ದೇವರ ಮನಿಯೊಳಗ ತಗೋಬಹುದೇನ್ರಿ?"

ಆಚಾರ್ಯರು ತಲೆ ಎತ್ತಿ ನೋಡಿದರು, ಇಂಥ ಪ್ರಶ್ನೆಯೂ ಉಂಟೇ ಎಂಬಂತೆ. "ಯಂತ್ರ ದೇವರ ಮನ್ಯಾಗ ಅಲ್ಲದ ಮತ್ತೆಲ್ಲಿ ಇಡ್ತೀರವಾ? ಪಂಚಾಮೃತ ಅಭಿಷೇಕ ಮಾಡಿ ಒಳಗ ತಗೊಳ್ರಿ."

ಅವರ ಕಣ್ಣ ಮುಂದೆ ಬಂದದ್ದು ತಾಮ್ರದ ತಗಡು. ಗೆರೆ ಕೊರೆದು, ಬೀಜಾಕ್ಷರ ಬರೆದು ಪೂಜಿಸುತ್ತಾರಲ್ಲ, ಆ ಯಂತ್ರ. ನನಗೆ ತಕ್ಷಣ ತಿಳಿಯಿತು, ಕಿವಿಯಲ್ಲಿ ಎರಡೂ ಇದ್ದವಲ್ಲ, ಒಂದೊಂದು ಅಕ್ಷರವೂ ಕೇಳಿಸಿತ್ತು. ತಿದ್ದಬಹುದಿತ್ತು. ಆದರೆ ಕಿವುಡಿ ಅನ್ನಿಸಿಕೊಂಡವಳಿಗೆ ಕೇಳದ ಹಾಗೆ ನಿಲ್ಲುವ ಅಭ್ಯಾಸ ಇದ್ದೇ ಇರುತ್ತದೆ. ಅಕ್ಷತೆ ಸೆರಗಿಗೆ ಹಾಕಿಸಿಕೊಂಡು ಮುಂದೆ ನಡೆದೆ. ಅಕ್ಕನ ಮುಖ ಸಣ್ಣದಾಗಿತ್ತು. ಆಟೋದಲ್ಲಿ ಅರ್ಧ ದಾರಿ ನನ್ನ ಗೆಲುವು ನನಗೆ ಸಿಹಿಯಾಗಿಯೇ ಇತ್ತು. ಆಮೇಲೆ ಪಂಚಾಮೃತ ನೆನಪಾಯಿತು.

ಅಕ್ಕ ಸೋತರೂ ಶಾಸ್ತ್ರ ಬಿಡುವವರಲ್ಲ. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಬೆಳ್ಳಿ ಬಟ್ಟಲಲ್ಲಿ ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ ಕಲಸಿ ಇಟ್ಟಿದ್ದರು. ಕೈ ಚಾಚಿ, "ತಾ ಇಲ್ಲೆ ನಿನ್ನ ಯಂತ್ರ" ಎಂದರು. ಡಬ್ಬಿ ನನ್ನ ಮುಷ್ಟಿಯಲ್ಲಿತ್ತು, ಅಕ್ಕನ ಮಾತು ತುಟಿ ನೋಡಿಯೇ ತಿಳಿಯುತ್ತಿತ್ತು. ನಿಜ ಹೇಳಿದರೆ ಬಾಗಿಲು ಮತ್ತೆ ಮುಚ್ಚುತ್ತದೆ. ಹೇಳದಿದ್ದರೆ ನನ್ನ ಕಿವಿ ಎರಡೂ ಮೊಸರಿನಲ್ಲಿ ಮುಳುಗುತ್ತವೆ, ಆಮೇಲೆ ದೇವರ ಮನೆಯಲ್ಲೂ ಇಲ್ಲ, ಫ್ರಿಜ್ಜಿನ ಮೇಲೂ ಇಲ್ಲ. ಮಂಟಪದ ಕಡೆ ನೋಡಿದೆ. ಸ್ವಾಮಿ ಎಂದಿನಂತೆ ನಗುತ್ತಿದ್ದ, ಅವನಿಗೇನು.

"ಆಗ್ಲಿ ಅಕ್ಕಾ" ಎಂದೆ. "ಆದ್ರ ಈ ಮನ್ಯಾಗ ಮನುಷ್ಯಾರು ಮಾಡಿದ ಯಂತ್ರ ಎರಡು ಅವ. ನೀವು ಹಿರಿಯಾರು. ಮೊದಲ ನಿಮ್ಮದಾಗ್ಲಿ."

ಅಕ್ಕನ ಕೈ ಬಾಯಿಗೆ ಹೋಯಿತು. ಹೊರಗೆ ಯಜಮಾನರ ಪೇಪರು ಅಲುಗಾಡುವುದು ನಿಂತಿತು. ಅಕ್ಕ ಬಟ್ಟಲನ್ನು ನೋಡಿದರು, ಜೇನುತುಪ್ಪ ಹಲ್ಲಿನ ಸೆಟ್ಟಿನ ಸಂದುಗೊಂದಿಗೆ ಇಳಿದರೆ ಏನು ಗತಿ ಎಂದು ಯೋಚಿಸಿದರೆಂದು ಕಾಣುತ್ತದೆ. ಆಮೇಲೆ ತಮ್ಮ ಶಾಸ್ತ್ರದ ಗಂಟಿನೊಳಗೆ ಕೈ ಹಾಕಿ ಹುಡುಕಿದರು, ಸಿಕ್ಕಿತು.

"ಮಾನಸಪೂಜಾ ಅಂತ ಒಂದದ. ಮನಸಿನ್ಯಾಗ ಅಭಿಷೇಕ ಮಾಡಿದ್ರೂ ನಡೀತದ."

ಕಣ್ಣು ಮುಚ್ಚಿ ಮನಸ್ಸಿನಲ್ಲೇ ಎರೆದರು. ಹಲ್ಲಿಗೂ ಎರೆದರೋ ಇಲ್ಲವೋ ನಾನು ಕೇಳಲಿಲ್ಲ. ಕೊನೆಗೆ ತುಳಸಿದಳದಿಂದ ಒಂದು ಹನಿ ಮುಚ್ಚಿದ ಡಬ್ಬಿಯ ಮೇಲೆ ಚಿಮುಕಿಸಿದರು, ನಾನು ಅದು ಇಳಿಯುವ ಮುಂಚೆ ಸೆರಗಿನಿಂದ ಒರೆಸಿದೆ. ಪಂಚಾಮೃತವನ್ನು ಇಬ್ಬರೂ ಕುಡಿದೆವು. ಚೆನ್ನಾಗಿತ್ತು.

ಕೈ ತೊಳೆದು, ಒರೆಸಿಕೊಂಡು, ಕೆಂಪು ಬಲಕ್ಕೆ, ನೀಲಿ ಎಡಕ್ಕೆ ಹಾಕಿಕೊಂಡೆ. ಅಕ್ಕ ಆರತಿ ಎತ್ತಿದರು, ಗಂಟೆ ಹೊಡೆದರು. ನನ್ನ ನೆನಪಿನಲ್ಲಿದ್ದ ಇಂಪು ಅದರಲ್ಲಿರಲಿಲ್ಲ. ಸ್ಟೀಲಿನ ತಟ್ಟೆಗಳನ್ನು ಬಚ್ಚಲಲ್ಲಿ ಕೆಡವಿದ ಹಾಗೆ ಮಿದುಳಿಗೇ ಬಡಿಯಿತು. ಕಣ್ಣಲ್ಲಿ ನೀರು ಬಂತು. ಅಕ್ಕ ಅದನ್ನು ಭಕ್ತಿ ಎಂದುಕೊಂಡರು, ಅರ್ಧ ಹೌದು. ಕೇಳಿಸಿತಲ್ಲ, ಅಷ್ಟು ಸಾಕು.

ಅಷ್ಟಕ್ಕೇ ನಿಲ್ಲಲಿಲ್ಲ. ಮಂಗಳಾರತಿಯ ನಂತರ ಅಕ್ಕ ಸಹಸ್ರನಾಮಕ್ಕೆ ಕೂತರು. ಆರಂಭ ಗಂಭೀರವಾಗಿತ್ತು. ಸ್ವಲ್ಪ ಹೊತ್ತಿಗೆ ಒಂದು ಕೆಮ್ಮು ಬಂತು, ಕೆಮ್ಮಿನ ಆಚೆ ಫಲಶ್ರುತಿ ಬಂತು. ನಡುವಿನ ನಾಮಗಳೆಲ್ಲ ಕೆಮ್ಮಿನೊಳಗೇ ಮುಗಿದಿದ್ದವು. ನಾನು ತಲೆ ಎತ್ತಿ ನೋಡಿದೆ, ಅಷ್ಟೇ. ಅಕ್ಕನೂ ನನ್ನ ಕಿವಿಯ ಕಡೆಗೇ ನೋಡುತ್ತಿದ್ದರು.

ಮರುದಿನದಿಂದ ಅಕ್ಕನಿಗೆ ನನ್ನ ಮೇಲೆ ಅಂತಃಕರಣ ಹೆಚ್ಚಾಯಿತು. ಸಹಸ್ರನಾಮಕ್ಕೆ ಮೊದಲು ವಿಚಾರಿಸುತ್ತಾರೆ.

"ಗಂಟಿ ಕೇಳಿದಿಯಲ್ಲ, ಇನ್ನ ತಗದಿಡಬಾರದೇನವಾ? ಕಿವಿಗೂ ವಿಶ್ರಾಂತಿ ಬೇಕು."

"ಇರ್ಲಿ ಅಕ್ಕಾ, ಹೊಸಾ ಸೆಲ್ಲು ಹಾಕೀನಿ" ಎನ್ನುತ್ತೇನೆ.

ಈಗ ನಮ್ಮ ಮನೆಯಲ್ಲಿ ಸಹಸ್ರನಾಮ ಪೂರ್ತಿ ಆಗುತ್ತದೆ, ಒಂದು ನಾಮವೂ ಬಿಡುವುದಿಲ್ಲ. ಅವಲಕ್ಕಿ ಒಗ್ಗರಣೆಗೆ ತಡವಾಗುತ್ತದೆ. ಯಜಮಾನರು ದೇವರ ಮನೆಯ ಬಾಗಿಲವರೆಗೆ ಬಂದು, ಈ ಮನೆಯಲ್ಲಿ ಹೊಟ್ಟೆಗೆ ಹಾಕುವವರೇ ಇಲ್ಲ ಎಂದು ತಮ್ಮಷ್ಟಕ್ಕೆ ತಾವು ಗೊಣಗಿ ಹೋಗುತ್ತಾರೆ.

ಅದೂ ಕೇಳಿಸುತ್ತದೆ.