ಉಡಿಯಲ್ಲಿ ಹಾಕಿದ ರಿಮೋಟು

ನಾವು ಬೀದರ್ ಬಿಟ್ಟು ಭೂತಾನಿಗೆ ಹೊರಟ ವರ್ಷ ನಮ್ಮ ಕಡೆಯ ಅರ್ಧ ಜನ ಊರು ಬಿಟ್ಟಿದ್ದರು. ಅವರು ನೀರಿಲ್ಲದೆ, ಕೆಲಸವಿಲ್ಲದೆ ಬಿಟ್ಟರು. ನಾವು ಮನೆಯಲ್ಲಿ ಸಾಮಾನು ಹೆಚ್ಚಾಯಿತು ಅಂತ ಬಿಟ್ಟೆವು. ಹೀಗೆ ಬರೆದರೆ ತಮಾಷೆಯಾಗಿ ಕಾಣುತ್ತದೆ, ಆಗ ನಮಗೆ ಹಾಗೇನೂ ಅನ್ನಿಸಿರಲಿಲ್ಲ.

ನನ್ನ ಗಂಡ ಬೀದರಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು, ನಾನು ಅಲ್ಲೇ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಲೆಕ್ಕದ ಮಾಸ್ತರರಿಗೆ ಬೇರೆ ಚಟವೊಂದೂ ಇರಲಿಲ್ಲ, ಹಳೆಯದು ಕೊಟ್ಟು ಹೊಸದು ಒಯ್ಯಿರಿ ಎನ್ನುವ ಬೋರ್ಡು ಕಂಡರೆ ಮಾತ್ರ ಕಾಲು ತಾನಾಗಿಯೇ ಅಂಗಡಿಯತ್ತ ತಿರುಗುತ್ತಿತ್ತು. ಹಬ್ಬ ಬಂದರೆ ನಾನು ಹೋಳಿಗೆ ನೆನೆಯುತ್ತಿದ್ದೆ, ಇವರು ಆಫರ್ ನೆನೆಯುತ್ತಿದ್ದರು. ವಾರಕ್ಕೊಮ್ಮೆ ನಳ ಬರುವ ಊರಿನಲ್ಲಿ ನಮ್ಮ ಮನೆಗೆ ವಾಷಿಂಗ್ ಮಷೀನು ಬಂತು. ಚಪಾತಿ ಒತ್ತುವ ಯಂತ್ರವೂ ಬಂತು. ಅದು ಒತ್ತಿದ ಚಪಾತಿಯನ್ನು ಓಣಿಯ ಎಮ್ಮೆ ಕೂಡ ಮೂಸಿ ನೋಡಿ ಮುಂದೆ ಹೋಯಿತು. ಎರಡು ಕೋಣೆಗೆ ಎರಡು ಟಿವಿ. ಒಂದರ ಮುಂದೆ ಮಗಳು ಊಟ ಮಾಡುತ್ತಿದ್ದಳು, ಇನ್ನೊಂದರ ಮುಂದೆ ಗಂಡ. ನಾನು ಅಡುಗೆಮನೆಯಲ್ಲಿ ನಿಂತು ಫೋನು ನೋಡುತ್ತ ತಿನ್ನುತ್ತಿದ್ದೆ. ಒಂದು ದಿನ ಒಳಗಿನ ಕೋಣೆಯಿಂದ ಮಗಳು, ಇನ್ನೊಂದು ರೊಟ್ಟಿ ಬೇಕು ಅಂತ ನನ್ನ ಫೋನಿಗೆ ಮೆಸೇಜು ಕಳಿಸಿದಳು. ನಡುವೆ ಇದ್ದದ್ದು ಒಂದೇ ಗೋಡೆ. ನಾನು ರೊಟ್ಟಿ ಒಯ್ದು ಕೊಟ್ಟು, ಅಲ್ಲೇ ಬಾಗಿಲಲ್ಲಿ ಕುಳಿತು ಅತ್ತುಬಿಟ್ಟೆ. ಗಂಡ ಟಿವಿ ಆರಿಸಿ ಹೊರಗೆ ಬಂದರು. ಅವರ ಗೆಳೆಯರೊಬ್ಬರು ಭೂತಾನಿನ ಗುಡ್ಡದೂರಿನ ಶಾಲೆಯೊಂದರಲ್ಲಿ ಕಲಿಸುತ್ತಿದ್ದರು. ಅಲ್ಲಿಗೆ ಹೋಗುವ ಮಾತು ಶುರುವಾದದ್ದು ಆವತ್ತೇ.

ಕೆಲಸ ಸಿಕ್ಕಿತು. ಬಟ್ಟೆ, ಪುಸ್ತಕ, ಎರಡು ಪಾತ್ರೆ, ಇಷ್ಟೇ ಒಯ್ಯುವುದೆಂದು ಮೂವರೂ ಮಾತಾಡಿಕೊಂಡೆವು. ಶಾಲೆಯವರು ಬೀಳ್ಕೊಡುಗೆ ಇಟ್ಟು ಹಾರ ಹಾಕಿದರು. ಗಂಡ ಮೈಕು ಹಿಡಿದು ಸರಳ ಬದುಕಿನ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಎಲ್ಲಾ ಬಿಟ್ಟು ಹೋಗಬೇಕಾದರೆ ದೊಡ್ಡ ಮನಸು ಬೇಕು ಅಂತ ಜನ ನನ್ನ ಕೈ ಹಿಡಿದು ಹೇಳಿದರು. ನಾನೂ ಒಳಗೊಳಗೇ ಉಬ್ಬಿಹೋಗಿದ್ದೆ, ಸುಳ್ಳು ಯಾಕೆ ಹೇಳಲಿ.

ಉಳಿದದ್ದು ಸಾಮಾನಿನ ಪ್ರಶ್ನೆ. ಮಾರಿಬಿಡೋಣ ಅಂದೆವು. ಭಾತಂಬ್ರಾದಲ್ಲಿ ತಮ್ಮನ ಮನೆಯಲ್ಲಿರುವ ಅವ್ವ ಅದಕ್ಕೆಂದೇ ಬಸ್ ಹಿಡಿದು ಬಂದಳು. "ಬೆನ್ನಿಗಿ ಬಿದ್ದ ತಂಗಿ ಇರುವಾಗ ಸಾಮಾನ ಮಂದಿಗಿ ಯಾಕ ಕೊಡ್ತಿ? ಆಕಿ ಮನ್ಯಾಗ ಏನದ?" ಅಂದಳು. ಮಾತು ಸರಿಯೇ. ತಂಗಿಯನ್ನು ಔರಾದಕ್ಕೆ ಕೊಟ್ಟಿತ್ತು. ಅವಳ ಗಂಡ ಮನೆ ಕಟ್ಟುವ ಗೌಂಡಿ ಕೆಲಸದವನು, ಒಳ್ಳೆ ಕೈಯವನು, ಆದರೆ ತಗಡಿನ ಮನೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಫ್ಯಾನು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಟೆಂಪೋ ತುಂಬಿಸಿ ಹೊರಟೆವು. ಅವ್ವ ಡ್ರೈವರಿನ ಪಕ್ಕದಲ್ಲಿ ಗವರ್ನರ್ ಹಾಗೆ ಕುಳಿತಳು, ನಾನು ಹಿಂದೆ ಫ್ರಿಜ್ಜು ಹಿಡಿದುಕೊಂಡು ಹೋದೆ.

ಔರಾದದಲ್ಲಿ ಸಾಮಾನು ಇಳಿಸಿ ಇನ್ನೇನು ಹೊರಡಬೇಕು, ಅವ್ವ ತಡೆದಳು. ಹಾಗೇ ಕೊಟ್ಟರೆ ಅದು ದಾನವಾಗುತ್ತದಂತೆ, ಅಕ್ಕ ತಂಗಿಗೆ ಕೊಡುವುದನ್ನು ಉಡಿ ತುಂಬಿ ಕೊಡಬೇಕಂತೆ. ತಂಗಿಯನ್ನು ಮಣೆಯ ಮೇಲೆ ಕೂರಿಸಿದಳು. ಅರಿಷಿಣ ಕುಂಕುಮ ಹಚ್ಚಿ, ಸೆರಗು ಒಡ್ಡು ಅಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಕುಪ್ಪಸದ ಬಟ್ಟೆ ಎಲ್ಲಾ ಹಾಕಿದ ಮೇಲೆ, ಫ್ರಿಜ್ಜು ಉಡಿಯಲ್ಲಿ ಹಿಡಿಸುವುದಿಲ್ಲವಲ್ಲ, ಅದರ ಕೀಲಿ ಹಾಕು ಅಂದಳು. ಹಾಕಿದೆ. ಟಿವಿಯ ರಿಮೋಟು ಹಾಕಿಸಿದಳು. ಮಷೀನಿಗೆ ಕೀಲಿಯೂ ಇಲ್ಲ, ರಿಮೋಟೂ ಇಲ್ಲ ಅಂದದ್ದಕ್ಕೆ, ಅದರ ನೀರಿನ ಪೈಪು ಸುತ್ತಿ ಉಡಿಯಲ್ಲಿ ಇಡಿಸಿದಳು. ನಾವು ಅಕ್ಕತಂಗಿಯರು ಬಿದ್ದು ಬಿದ್ದು ನಕ್ಕೆವು. ಅವ್ವ ನಗಲಿಲ್ಲ. ಆಮೇಲೆ ತಂಗಿ ಆ ಉಡಿಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ದೇವರ ಮುಂದೆ ಹೋಗಿ ನಿಂತಳು, ನಿಂತು ಅಳತೊಡಗಿದಳು. ಖುಷಿಯ ಅಳು. ಅವಳು ಅಷ್ಟು ಸುಖವಾಗಿದ್ದದ್ದನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

ಭೂತಾನಿನ ಊರು ಹೇಗಿತ್ತೆಂದರೆ, ಒಂದೇ ಅಂಗಡಿ, ಅದೂ ಅಂಗಡಿಯ ಯಜಮಾನಿಗೆ ಮನಸ್ಸಾದಾಗ ತೆರೆಯುತ್ತಿತ್ತು. ನಮಗೆ ಕೊಟ್ಟದ್ದು ಕಟ್ಟಿಗೆಯ ಮನೆ, ನಡುವೆ ಒಂದು ಕಬ್ಬಿಣದ ಒಲೆ. ಚಳಿಗೆ ಆ ಒಲೆ ಬಿಟ್ಟು ಯಾರೂ ಎದ್ದು ಹೋಗುವ ಹಾಗಿಲ್ಲ. ಮೂವರೂ ಅದರ ಸುತ್ತ ಕುಳಿತು ಉಣ್ಣುತ್ತಿದ್ದೆವು. ಮೊದಮೊದಲು ಏನು ಮಾತಾಡಬೇಕೆಂದೇ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಬರುಬರುತ್ತ ಮಗಳು ಬಾಯಿ ಮುಚ್ಚಿದರೆ ಸಾಕು ಅನ್ನುವಷ್ಟು ಮಾತಾಡತೊಡಗಿದಳು. ಗಂಡ ಮೂಲಂಗಿ ಬೆಳೆದರು. ನಾವು ಯಾವುದಕ್ಕಾಗಿ ಬಂದಿದ್ದೆವೋ ಅದು ನಮಗೆ ಸಿಕ್ಕಿತ್ತು. ಇದನ್ನು ಮುಚ್ಚಿಟ್ಟು ಬರೆಯಲಾರೆ.

ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಶಾಲೆಯ ಮೇಲಿನ ದಿಬ್ಬದಲ್ಲಿ. ಅಲ್ಲಿ ನಿಂತು ನಾನು ಔರಾದಕ್ಕೆ ಮಾತಾಡುತ್ತಿದ್ದೆ. ಆ ವರ್ಷವೂ ಅಲ್ಲಿ ಮಳೆ ಕೈಕೊಟ್ಟಿತ್ತು. ಕುಡಿಯಲಿಕ್ಕೇ ನೀರಿಲ್ಲದಿದ್ದಾಗ ಮನೆ ಯಾರು ಕಟ್ಟಿಸುತ್ತಾರೆ? ಗೌಂಡಿ ಕೆಲಸ ನಿಂತಿತ್ತು. ತಂಗಿಯ ಓಣಿಯ ಜನ ಬಾಗಿಲಿಗೆ ಚಿಲಕ ಹಾಕಿ, ಹಾಸಿಗೆ ಸುತ್ತಿಕೊಂಡು, ಹೆಂಡತಿ ಮಕ್ಕಳ ಸಮೇತ ಹೈದರಾಬಾದಿಗೆ ಹೋಗುತ್ತಿದ್ದರು. ತಂಗಿಯ ಗಂಡನಿಗೂ ಅಲ್ಲಿ ಕೆಲಸ ಸಿಕ್ಕಿತು. ಅವನು ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ ಅಂದ. ತಂಗಿ ಬರುವುದಿಲ್ಲ ಅಂದಳು.

"ಯಾಕ?" ಅಂದೆ ಅವಳಿಗೆ ಫೋನಿನಲ್ಲಿ.

"ಸಾಮಾನ ಬಿಟ್ಟು ಹ್ಯಾಂಗ ಬರ್ಲಿ ಅಕ್ಕಾ? ಓಣಿ ಪೂರಾ ಖಾಲಿ ಆಗ್ಯದ. ತಗಡಿನ ಮನಿ. ನಾವು ಹೋದ್ವಿ ಅಂದ್ರ ಎತ್ತಿ ಒಯ್ತಾರ."

"ಮಾರಿಬಿಡು."

"ಉಡಿಯಾಗಿಂದು ಮಾರ್ತಾರೇನು ಅಕ್ಕಾ?"

ಸರಿ, ಭಾತಂಬ್ರಾಕ್ಕೆ ಸಾಗಿಸಿ ತಮ್ಮನ ಮನೆಯಲ್ಲಿ ಇಡೋಣ ಅಂದುಕೊಂಡು ಅವ್ವನಿಗೆ ಫೋನು ಮಾಡಿದೆ. ಅವ್ವ ಕೇಳಿದ್ದೇ ತಡ, ಬೆಂಕಿ ಬಿದ್ದವಳ ಹಾಗೆ ಕೂಗಿದಳು. ಮಗಳ ಉಡಿಯಲ್ಲಿ ಹಾಕಿದ್ದು ತವರಿಗೆ ತಿರುಗಿ ಬಂದರೆ ಅದರ ಹಿಂದೆ ಮಗಳೂ ಬರುತ್ತಾಳಂತೆ. "ನನ್ನ ಮಗಳ ಸಂಸಾರ ಮುರೀಬೇಕಂತ ಮಾಡೀಯೇನು?" ಅಂದಳು. ಆ ಸಂಸಾರ ಉಳಿಯಲಿ ಅಂತಲೇ ನಾನು ಕೇಳುತ್ತಿದ್ದೆ. ಅದನ್ನು ಹೇಳುವಷ್ಟರಲ್ಲಿ ಸಿಗ್ನಲ್ ಹೋಯಿತು.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಅವ್ವನ ಮೇಲೆ, ತಂಗಿಯ ಮೇಲೆ, ಆ ಫ್ರಿಜ್ಜಿನ ಮೇಲೆ, ದಿಬ್ಬದ ಮೇಲೆ. ಗಂಡನಿಗೆ ಹೇಳಿದರೆ ಅವರು, ವಸ್ತುಗಳ ಮೋಹ ಬಿಡುವುದು ಕಷ್ಟ ಅಂತ ಶುರು ಮಾಡಿದರು. ಇನ್ನೊಂದು ಮಾತಾಡಿದರೆ ನಿಮ್ಮ ಮೂಲಂಗಿ ಕಿತ್ತು ಎಸೆಯುತ್ತೇನೆ ಅಂದೆ.

ತಂಗಿಯ ಗಂಡ ಒಬ್ಬನೇ ಹೋದ. ಆಮೇಲೆ ಒಮ್ಮೆ ನಾನು ಮಾತಾಡುತ್ತಿರುವಾಗ ದಿಬ್ಬದ ಮೇಲೆ ಜೋರು ಮಳೆ ಬಂತು, ಅಲ್ಲಿಯ ಮಳೆಗೆ ಹೊತ್ತುಗೊತ್ತು ಇರಲಿಲ್ಲ. ತಲೆಯ ಮೇಲೆ ಕೊಡೆ ಪಟಪಟ ಅನ್ನುತ್ತಿತ್ತು.

"ಅದೇನು ಸಪ್ಪಳ ಅಕ್ಕಾ?" ಅಂದಳು ತಂಗಿ.

"ಏನಿಲ್ಲ, ಗಾಳಿ," ಅಂದೆ.

"ಮಳಿ ಇದ್ರ ಮಳಿ ಅನ್ನಕ್ಕಾ. ಕೇಳ್ಕೊಂಡರ ನಿಂದ್ರತೇನಿ," ಅಂದಳು. ನಾನು ಫೋನನ್ನು ಕೊಡೆಯ ಹತ್ತಿರ ಹಿಡಿದೆ.

ಭೂತಾನಿನಲ್ಲಿ ಶಾಲೆಗೆ ಚಳಿಗಾಲದಲ್ಲಿ ದೊಡ್ಡ ರಜೆ. ಎರಡನೆಯ ಚಳಿಗಾಲಕ್ಕೆ ನಾನೊಬ್ಬಳೇ ಹೊರಟು ಬಂದೆ. ಭಾಲ್ಕಿಯಲ್ಲಿ ರೈಲು ಇಳಿದು, ಔರಾದದ ಬಸ್ ಹತ್ತಿದೆ. ಕಿಟಕಿಯಾಚೆ ಹೊಲಗಳು ಬೋಳಾಗಿದ್ದವು. ತಂಗಿಯ ಗಂಡನೂ ನಾಲ್ಕು ದಿನದ ಮಟ್ಟಿಗೆ ಬಂದಿದ್ದಾನೆಂದು ಗೊತ್ತಿತ್ತು. ಇಬ್ಬರನ್ನೂ ಎದುರು ಕೂರಿಸಿ ಮಾತಾಡಿ, ತಂಗಿಯನ್ನೂ ಮಕ್ಕಳನ್ನೂ ಅವನ ಜೊತೆ ಕಳಿಸಿಯೇ ಬರುತ್ತೇನೆಂದು ಗಂಡನಿಗೆ ಹೇಳಿ ಬಂದಿದ್ದೆ.

ಅವಳ ಮನೆ ನೋಡಿ ನನಗೆ ನಗು, ಅಳು ಎರಡೂ ಬಂದವು. ಕರೆಂಟಿನ ಭರವಸೆ ಇಲ್ಲ, ಆದ್ದರಿಂದ ಫ್ರಿಜ್ಜಿನಲ್ಲಿ ಜೋಳದ ಹಿಟ್ಟು, ಬೇಳೆ, ಮಕ್ಕಳ ಪಾಟಿಚೀಲ. ಇಲಿ ಹೋಗುವುದಿಲ್ಲವಲ್ಲ. ಬಟ್ಟೆ ಒಗೆಯಲು ನೀರಿಲ್ಲ, ಆದ್ದರಿಂದ ವಾಷಿಂಗ್ ಮಷೀನಿನ ಹೊಟ್ಟೆಯಲ್ಲೇ ಟ್ಯಾಂಕರಿನ ನೀರು ತುಂಬಿಸಿ, ಮುಚ್ಚಳ ಮುಚ್ಚಿ, ತಂಬಿಗೆಯಿಂದ ತೆಗೆದು ಕುಡಿಯುತ್ತಿದ್ದರು. ನನಗೂ ಅದರಿಂದಲೇ ತೆಗೆದು ಕೊಟ್ಟಳು. ಟಿವಿಗೆ ತನ್ನ ಮದುವೆಯ ಶಾಲು ಹೊದಿಸಿದ್ದಳು. ಎಲ್ಲದಕ್ಕೂ ಅರಿಷಿಣ ಕುಂಕುಮದ ಬೊಟ್ಟು.

ರೊಟ್ಟಿ ತಿಂದ ಮೇಲೆ ಮಾತು ತೆಗೆದೆ. ತಂಗಿಯ ಗಂಡ ತಲೆ ತಗ್ಗಿಸಿಯೇ ಹೇಳಿದ: "ನಾ ಏನೂ ಅನ್ನಲ್ರಿ ಅಕ್ಕೋರ. ಅಲ್ಲಿ ಈ ಓಣಿದವರೇ ಅದಾರ್ರಿ. ಸಂಜಿಗಿ ಅವರವರ ಹೆಂಡ್ರು ರೊಟ್ಟಿ ಬಡೀತಾರ, ಮಕ್ಕಳು ಸುತ್ತ ಕೂಡ್ತಾರ. ನಾ ಎದ್ದು ಹೋಟೆಲಿಗಿ ಹೋಗ್ತೇನಿ. ಮೊದಲ ಬ್ಯಾಸರ ಆಗ್ತಿತ್ತು. ಈಗ ಅದೂ ಆಗವಲ್ದು ನೋಡ್ರಿ."

ಕೊನೆಯ ಮಾತು ಕೇಳಿದ್ದೇ ನಾನು ತಂಗಿಯ ಕಡೆ ತಿರುಗಿ, "ಕೇಳಿದೇನು? ನಾಳೆನೇ ಹೊರಡು. ಸಾಮಾನ ನಾ ಕೊಟ್ಟಿದ್ದು, ನಾನೇ ತಿರುಗಿ ಒಯ್ತೇನಿ. ಪಾಪ ಬಂದ್ರ ನನಗ ಬರ್ಲಿ," ಅಂದೆ.

ಅವಳು ಎದ್ದು ಹೋಗಿ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಳು.

"ಕೊಟ್ಟು ಕಸ್ಕೋತಿಯೇನಕ್ಕಾ?"

"ನಿನ್ನ ಸಲುವಾಗೇ ಅಲ್ಲೇನು? ನಾ ಬಿಟ್ಟು ಹೋಗ್ಲಿಲ್ಲೇನು? ಇವೇನೂ ಇಲ್ದೆ ನಾವು ಚಂದಾಗಿ ಇಲ್ಲೇನು?"

"ನೀ ಬಿಟ್ಟು ಹೋದಿ," ಅಂದಳು. ದನಿ ಏರಿಸಲಿಲ್ಲ. "ಮಂದಿ ದೊಡ್ಡ ಮನಸು ಅಂದ್ರು, ಹಾರ ಹಾಕಿ ಕಳಿಸಿದ್ರು. ನಾ ಬಿಟ್ಟು ಹೋದ್ರ ಪೂರಾ ಬರ್ಬಾದ ಆದ್ರು ಅಂತಾರ. ನನಗ ಯಾರು ಹಾರ ಹಾಕ್ತಾರ ಅಕ್ಕಾ? ಹುಟ್ಟಿದಾಗಿಂದ ಇಲ್ದೇ ಇದ್ದಾಕಿ ನಾ. ಈಗೊಂದು ಬಂದದ. ಅದನ್ನೂ ಬಿಡು ಅಂತಿ."

ಭೂತಾನಿನ ದಿಬ್ಬದ ಮೇಲೆ ನಿಂತು ನಾನು ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಈ ತಗಡಿನ ಮನೆಯಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಅವಳು ತಪ್ಪು ಅನ್ನಲೂ ಆಗಲಿಲ್ಲ, ಸರಿ ಅನ್ನಲೂ ಆಗಲಿಲ್ಲ. ಅವಳ ಗಂಡ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಒಳಗೆ ಅವಳು ಪಾತ್ರೆಗಳನ್ನು ಬೂದಿ ಹಚ್ಚಿ ಒರೆಸತೊಡಗಿದಳು, ತೊಳೆಯಲು ನೀರು ಖರ್ಚಾಗುತ್ತದೆಂದು.

ಮರುದಿನ ಮುಂಜಾನೆ ಅವನನ್ನು ಕಳಿಸಲು ಎಲ್ಲರೂ ಬಸ್ ಸ್ಟ್ಯಾಂಡಿಗೆ ಹೋದೆವು. ತಂಗಿ ಬುತ್ತಿ ಕಟ್ಟಿದ್ದಳು. ದೊಡ್ಡ ಹುಡುಗಿ ಅಪ್ಪನ ಚೀಲ ಹಿಡಿದಿದ್ದಳು. ಸಣ್ಣವಳು, ಅವನು ಮೊದಲ ಸಲ ಹೈದರಾಬಾದಿಗೆ ಹೋದಾಗ ಇನ್ನೂ ಅಂಬೆಗಾಲಿಡುತ್ತಿದ್ದವಳು, ನನ್ನ ಸೊಂಟದ ಮೇಲಿದ್ದಳು. ಬಸ್ ಬಂತು. ಅವನು ಮಕ್ಕಳ ಕೆನ್ನೆ ಮುಟ್ಟಿದ, ತಂಗಿಯ ಕಡೆ ತಲೆ ಆಡಿಸಿ ಹತ್ತಿದ. ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ಗಾಜು ಸರಿಸಿ ನಮ್ಮನ್ನು ನೋಡಿ ನಕ್ಕ.

ಸಣ್ಣವಳು ಕೈ ಬೀಸಿದಳು. ಬೀಸುತ್ತಲೇ ತಾಯಿಯ ಕಡೆ ತಿರುಗಿ, ಅವನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದಳು: "ಅವ್ವಾ, ಅಪ್ಪ ಈಗ ತನ್ನ ಮನಿಗಿ ಹೋಗ್ತಾನಾ?"

ಕಿಟಕಿಯಲ್ಲಿ ಅವನ ನಗು ಹಾಗೇ ಇತ್ತು. ತಂಗಿ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ಹೂಂ," ಅಂದಳು.